ಹಗ್ಗ ಕಚ್ಚುವ ಬದಿ

ಹಲ್ಲಿನ ಡಾಕ್ಟರ ಕುರ್ಚಿಯನ್ನು ಹಿಂದಕ್ಕೆ ಬಾಗಿಸಿದರೆ ರೋಗಿಯ ತಲೆ ಕೆಳಗಾಗಿ ಕಾಲು ಮೇಲೆ ಬರುತ್ತದೆ. ಹಾಗಾಗಿ ಎಷ್ಟೋ ಜನರ ಬಾಯಿಗಿಂತ ಮೊದಲು ಅವರ ಪಾದಗಳನ್ನು ನಾನು ನೋಡಿದ್ದೇನೆ. ಅವತ್ತು ಬಂದವರ ಎರಡೂ ಪಾದಗಳ ಒಳಬದಿಯ ಚರ್ಮ ದಪ್ಪಗಟ್ಟಿ ಕಪ್ಪಾಗಿತ್ತು. ಹೆಬ್ಬೆರಳು ಉಳಿದ ಬೆರಳುಗಳ ಸಹವಾಸ ಬೇಡವೆಂಬಂತೆ ದೂರ ಸರಿದು ನಿಂತಿತ್ತು.

"ಅಡಿಕೆ ಕೊನೆ ತೆಗೀತೀರಾ?" ಎಂದು ಕೇಳಿದೆ.

"ನಿಮಗೆ ಹ್ಯಾಂಗೆ ಗೊತ್ತಾಯ್ತು ಡಾಕ್ಟ್ರಮ್ಮ? ನಾನಿನ್ನೂ ಬಾಯೇ ಬಿಟ್ಟಿಲ್ಲ!"

ನನಗೆ ಇಂಥ ಊಹೆಗಳೆಂದರೆ ಬಲು ಇಷ್ಟ. ಕೊಪ್ಪದಲ್ಲಿ ಹಲ್ಲಿನ ಕ್ಲಿನಿಕ್ ಇಟ್ಟುಕೊಂಡು ಕೂತವಳಿಗೆ ಬೇರೆ ಮನರಂಜನೆ ಏನಿದೆ? ದಾರ ಕಚ್ಚಿ ಕತ್ತರಿಸುವ ದರ್ಜಿಯ ಹಲ್ಲು, ಮೊಳೆ ಕಚ್ಚಿಕೊಂಡು ಕೆಲಸ ಮಾಡುವ ಬಡಗಿಯ ಹಲ್ಲು, ಇವನ್ನು ನೋಡಿದ ಕೂಡಲೇ ಅವರ ಕಸುಬು ಹೇಳಿಬಿಡುತ್ತೇನೆ. ಹೇಳಿ ಸ್ವಲ್ಪ ಬೀಗುತ್ತೇನೆ ಕೂಡ. ಈ ಬೀಗುವ ಚಟದಿಂದ ಒಬ್ಬರ ಜೀವಕ್ಕೆ ಕುತ್ತು ಬರುವುದರಲ್ಲಿತ್ತು. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಅವರು ಅಡ್ಡಗದ್ದೆ ಕಡೆಯವರು, ವಯಸ್ಸು ನಲವತ್ತರ ಆಸುಪಾಸು. ಅಡಿಕೆ ಮರ ಹತ್ತಿ ಗೊನೆ ಇಳಿಸುವ ಕೊನೆಗಾರರು. ಆ ಕೆಲಸ ಬಲ್ಲವರು ಈಗ ಕೈಬೆರಳಲ್ಲಿ ಎಣಿಸುವಷ್ಟು ಇರುವುದರಿಂದ ಕೊಯ್ಲಿನ ದಿನಗಳಲ್ಲಿ ಶೃಂಗೇರಿಯಿಂದ ಬಸರೀಕಟ್ಟೆಯ ತನಕ ತೋಟದವರು ಅವರ ದಾರಿ ಕಾಯುತ್ತಾರೆ. ಎಡಗಡೆ ಕೆಳದವಡೆಯ ಒಂದು ಹಲ್ಲು ಅಲ್ಲಾಡುತ್ತಿದೆ ಎಂದು ಬಂದಿದ್ದರು. ಹುಳುಕಿರಲಿಲ್ಲ, ಕೀವಿರಲಿಲ್ಲ. ನೋವೂ ಅಂಥದ್ದೇನಿಲ್ಲ ಎಂದರು.

"ಆದ್ರೆ ತುಟಿ ಕೆಳಗೆ ಒಂದೊಂದ್ಸಲ ಇರುವೆ ಹರಿದ ಹಾಂಗೆ ಆಗ್ತದೆ."

ಈ ಮಾತನ್ನು ನಾನು ಅವರ ಕಾರ್ಡಿನಲ್ಲಿ ಬರೆದುಕೊಂಡೆ. ಬರೆದುಕೊಂಡದ್ದಷ್ಟೇ ಬಂತು.

ಎಕ್ಸ್‌ರೇ ತೆಗೆದೆ. ಹಲ್ಲಿನ ಬೇರು ಎಲುಬಿಗೆ ನೇರವಾಗಿ ಅಂಟಿಕೊಂಡಿರುವುದಿಲ್ಲ. ನಡುವೆ ತೆಳುವಾದ ನಾರಿನ ಪದರವಿರುತ್ತದೆ. ಎಕ್ಸ್‌ರೇಯಲ್ಲಿ ಅದು ಬೇರಿನ ಸುತ್ತ ಕೂದಲೆಳೆಯಷ್ಟು ಕಪ್ಪು ಗೆರೆಯಾಗಿ ಕಾಣುತ್ತದೆ. ಇವರ ಹಲ್ಲಿನಲ್ಲಿ ಆ ಗೆರೆ ಎರಡೂ ಬದಿಗೆ ಸಮನಾಗಿ ಅಗಲವಾಗಿತ್ತು. ಒಂದು ಹಲ್ಲಿನ ಮೇಲೆ ದಿನವೂ ಅತಿಯಾದ ಭಾರ ಬಿದ್ದರೆ ಹೀಗಾಗುತ್ತದೆ, ಕಂಬವನ್ನು ದಿನಾ ಅಲ್ಲಾಡಿಸಿದರೆ ಗುಂಡಿ ಅಗಲವಾಗುವ ಹಾಗೆ.

"ಮರದ ಮೇಲೆ ಇರುವಾಗ ಬಾಯಲ್ಲಿ ಎಂತಾದ್ರೂ ಕಚ್ಚಿಕೊಳ್ತೀರಾ?"

"ಹಗ್ಗ ಕಚ್ಚಿಕೊಳ್ತೀನಿ. ಒಂದು ಮರದಿಂದ ಇನ್ನೊಂದು ಮರಕ್ಕೆ ದಾಟುವಾಗ ಎರಡೂ ಕೈ ಬೇಕಲ್ಲ. ಎಲ್ಲರೂ ಹಾಂಗೆ ಮಾಡಲ್ಲ, ನನಗೆ ಅದು ಅಭ್ಯಾಸ."

ಕೊಯ್ದ ಗೊನೆ ಜಾರಿ ಕೆಳಗೆ ಹೋಗುವುದು ಇದೇ ಹಗ್ಗದ ಮೇಲೆ. ಇನ್ನೊಂದು ತುದಿಯನ್ನು ನೆಲದಲ್ಲಿ ನಿಂತವರು ಎಳೆದು ಹಿಡಿದಿರುತ್ತಾರೆ. ಅಷ್ಟು ಉದ್ದದ ಹಗ್ಗದ ಜಗ್ಗಾಟ ಒಂದು ಹಲ್ಲಿನ ಮೇಲೆ ಬಿದ್ದರೆ ಅದು ಸಡಿಲವಾಗದೆ ಇನ್ನೇನು? ನನ್ನ ಜಾಣತನಕ್ಕೆ ನಾನೇ ತಲೆದೂಗಿದೆ. ಹಲ್ಲಿನ ತುದಿಯನ್ನು ಒಂದಿಷ್ಟು ಉಜ್ಜಿ ತಗ್ಗಿಸಿದೆ. ಹಗ್ಗವನ್ನು ಇನ್ನು ಸೊಂಟಕ್ಕೆ ಸಿಕ್ಕಿಸಿಕೊಳ್ಳಿ, ಮೂರು ವಾರ ಬಿಟ್ಟು ಬನ್ನಿ ಎಂದು ಕಳಿಸಿದೆ.

ಮೂರು ವಾರಕ್ಕೆ ಅವರು ಬರಲಿಲ್ಲ. ಕೊಯ್ಲಿನ ಭರ. ಆಮೇಲೆ ಒಂದು ದಿನ ಬಂದಿದ್ದರಂತೆ, ಅದು ಬುಧವಾರ. ಬುಧವಾರ ನಾನು ನರಸಿಂಹರಾಜಪುರದಲ್ಲಿ ಕೂರುತ್ತೇನೆ. ಮುಚ್ಚಿದ ಬಾಗಿಲು ನೋಡಿ ಪಕ್ಕದ ಮೆಡಿಕಲ್ ಶಾಪಿನಲ್ಲಿ ಹೇಳಿ ಹೋಗಿದ್ದರು. ಶಾಪಿನವರು ನನಗೆ ಹೇಳಲು ಮರೆತರು. ಹೀಗೆ ಅವರು ಎರಡನೇ ಸಲ ನನ್ನ ಕುರ್ಚಿಯಲ್ಲಿ ಕೂರುವಾಗ ಸಂಕ್ರಾಂತಿ ಹತ್ತಿರವಾಗಿತ್ತು.

ಹಲ್ಲು ಇನ್ನಷ್ಟು ಸಡಿಲವಾಗಿತ್ತು. ಕೆನ್ನೆಯ ಕಡೆಯ ವಸಡು ಉಬ್ಬಿತ್ತು. ಬೆರಳಲ್ಲಿ ಒತ್ತಿದರೆ ಮೆತ್ತಗಿಲ್ಲ, ಕಲ್ಲಿನ ಹಾಗೆ ಗಟ್ಟಿ.

"ನೀವು ಹೇಳಿದ ಮೇಲೆ ಒಂದು ದಿನವೂ ಹಗ್ಗ ಕಚ್ಚಿಲ್ಲ, ದೇವರಾಣೆ. ಇದನ್ನ ಕಿತ್ತು ಬಿಸಾಕಿ ಮಾರಾಯ್ರೆ. ನಾಳೆ ಬಸರೀಕಟ್ಟೆಯಲ್ಲಿ ಕೆಲಸ ಒಪ್ಪಿಕೊಂಡಿದ್ದೀನಿ."

ಹಗ್ಗ ಬಿಟ್ಟರೂ ಹಲ್ಲು ಹಾಳಾಗಿದೆ ಎಂದರೆ ಅಲ್ಲೇ ನಾನು ನಿಂತು ಯೋಚಿಸಬೇಕಿತ್ತು. ಆದರೆ ತನ್ನ ಊಹೆಯನ್ನು ಯಾರೂ ಅಷ್ಟು ಸುಲಭಕ್ಕೆ ಬಿಟ್ಟುಕೊಡುವುದಿಲ್ಲ. ಹಲ್ಲಿಗೆ ಮೊದಲೇ ಪೆಟ್ಟಾಗಿತ್ತು, ಈಗ ಸೋಂಕೂ ಸೇರಿರಬೇಕು ಅಂದುಕೊಂಡು ಮರಗಟ್ಟಿಸುವ ಮದ್ದನ್ನು ಸಿರಿಂಜಿಗೆ ತುಂಬಿಕೊಂಡೆ. ಸೂಜಿ ಹಾಕುವ ಮೊದಲು ಕೆಳತುಟಿಯನ್ನು ಎರಡೂ ಬದಿ ಮುಟ್ಟಿ ಕೇಳುವುದು ನನ್ನ ರೂಢಿ. ಆಮೇಲೆ ಮರಗಟ್ಟಿದೆಯೇ ಎಂದು ಹೋಲಿಸಲು ಅನುಕೂಲ.

"ಬಲಗಡೆ ಮುಟ್ಟಿದ್ದು ಗೊತ್ತಾಗ್ತದಾ?"

"ಹೂಂ."

"ಎಡಗಡೆ?"

"ಮುಟ್ಟಿದ್ರಾ?"

ನಾನಿನ್ನೂ ಸೂಜಿ ಹಾಕಿರಲಿಲ್ಲ.

ಸಿರಿಂಜನ್ನು ತಟ್ಟೆಯಲ್ಲಿಟ್ಟೆ. ಕೆಳತುಟಿಯ ನರ ದವಡೆ ಎಲುಬಿನ ಒಳಗಿನ ಕೊಳವೆಯಲ್ಲಿ ಹಾದು ಬರುತ್ತದೆ. ಗಾಯವಿಲ್ಲದೆ, ಮದ್ದಿಲ್ಲದೆ ತುಟಿ ಮರಗಟ್ಟಿದರೆ ಎಲುಬಿನೊಳಗೆ ಯಾವುದೋ ಆ ನರವನ್ನು ಹಿಡಿದಿದೆ ಎಂದು ಅರ್ಥ. ಆಗ ನನಗೆ ಮೊದಲ ದಿನವೇ ಕೇಳಬೇಕಿದ್ದ ಪ್ರಶ್ನೆ ಹೊಳೆಯಿತು. ಬಾಯಿಯ ನೀರು ಹೀರುವ ಸಕ್ಷನ್ ಪೈಪನ್ನು ಅವರಿಗೆ ಕೊಟ್ಟೆ.

"ಇದು ಹಗ್ಗ ಅಂತ ತಿಳ್ಕೊಳ್ಳಿ. ಹ್ಯಾಂಗೆ ಕಚ್ತಿದ್ರಿ, ತೋರ್ಸಿ."

ಅವರು ಪೈಪನ್ನು ಬಾಯಿಯ ಬಲಬದಿಗೆ ಇಟ್ಟು ಕಚ್ಚಿದರು.

"ಎಡಗಡೆ ಯಾವತ್ತೂ ಇಲ್ವಾ?"

"ಎಡ ಹೆಗಲ ಮೇಲೆ ದೋಟಿ ಇರ್ತದಲ್ಲ, ಗೊನೆ ಕೊಯ್ಯುವ ಕೋಲು. ಆ ಬದಿಗೆ ಹಗ್ಗ ಬಿಟ್ರೆ ಸಿಕ್ಕಿಹಾಕ್ಕೊಳ್ತದೆ. ಇಪ್ಪತ್ತು ವರ್ಷದಿಂದ ಬಲಗಡೆಯೇ ಡಾಕ್ಟ್ರಮ್ಮ."

ಹಗ್ಗದ ಬಗ್ಗೆ ಕೇಳಿದ್ದೆ, ಯಾವ ಬದಿ ಎಂದು ಕೇಳಿರಲಿಲ್ಲ. ಊರಿನ ಕಸುಬು ನನಗೆ ಗೊತ್ತು ಎಂಬ ಜಂಬದಲ್ಲಿ ಎದುರಿಗಿದ್ದ ಮನುಷ್ಯನನ್ನೇ ನೋಡದೆ ಹೋಗಿದ್ದೆ. ಬೇರೆ ಊರಿನ ಡಾಕ್ಟರಾಗಿದ್ದರೆ ಈ ತಪ್ಪು ಮಾಡುತ್ತಿರಲಿಲ್ಲ, ಅವರಿಗೆ ಹಗ್ಗದ ವಿಷಯವೇ ಗೊತ್ತಿರುತ್ತಿರಲಿಲ್ಲ. ನಾಚಿಕೆಯಾಯಿತು. ಅದಕ್ಕಿಂತ ಹೆಚ್ಚಾಗಿ ಹೆದರಿಕೆಯಾಯಿತು.

ಹೊಸ ಎಕ್ಸ್‌ರೇ ತೆಗೆದು ಹಳೆಯದರ ಪಕ್ಕ ಇಟ್ಟೆ. ಕಪ್ಪು ಗೆರೆ ಇನ್ನೂ ಅಗಲವಾಗಿ ಪಕ್ಕದ ಹಲ್ಲಿನ ಬೇರಿಗೂ ಹಬ್ಬಿತ್ತು. ಬೇರುಗಳ ನಡುವೆ ಹತ್ತಿಯ ಎಳೆಯಂತೆ ಮಸುಕು ಬಿಳುಪು, ಅಲ್ಲಿ ಇರಬಾರದ ಎಲುಬು. ಓದುವ ಕಾಲದಲ್ಲಿ ಎರಡು ಸಾಲಿನಲ್ಲಿ ಓದಿ ಮರೆತದ್ದು ನೆನಪಾಯಿತು. ಎಲುಬಿನಲ್ಲೇ ಹುಟ್ಟಿ ಅಡ್ಡಾದಿಡ್ಡಿಯಾಗಿ ಹೊಸ ಎಲುಬು ಬೆಳೆಸುವ ಒಂದು ಅಪರೂಪದ ಕ್ಯಾನ್ಸರ್ ಇದೆ. ದವಡೆಯಲ್ಲಿ ಬಂದರೆ ಅದು ಬೇರಿನ ಸುತ್ತಲಿನ ಮೆತ್ತನೆಯ ಪದರದ ದಾರಿ ಹಿಡಿಯುತ್ತದೆ, ಎಲುಬಿಗಿಂತ ಅದು ಸಲೀಸು. ನಮ್ಮ ಕಡೆ ಬಾಯಿಯ ಕ್ಯಾನ್ಸರ್ ಎಂದರೆ ಎಲೆ ಅಡಿಕೆಯ ಕವಳ, ತಂಬಾಕು, ಕೆನ್ನೆಯ ಹುಣ್ಣು. ಈ ಮನುಷ್ಯ ದಿನವಿಡೀ ಅಡಿಕೆ ಮರದಲ್ಲೇ ಇದ್ದರೂ ಒಂದು ಹೋಳು ಬಾಯಿಗೆ ಹಾಕಿದವರಲ್ಲ. ಹುಣ್ಣೂ ಇರಲಿಲ್ಲ.

"ಹಲ್ಲು ಕೀಳುವುದಿಲ್ಲ," ಎಂದೆ. ಒಳಗೆ ಗೆಡ್ಡೆಯಿದ್ದರೆ ಹಲ್ಲು ಕಿತ್ತ ಗುಂಡಿ ಅದಕ್ಕೆ ಹೊರಬರಲು ಬಾಗಿಲಾಗುತ್ತದೆ, ಆಮೇಲೆ ಅದರ ಎಲ್ಲೆ ಎಲ್ಲಿಯದೆಂದು ಸರ್ಜನ್‌ಗೂ ತಿಳಿಯುವುದಿಲ್ಲ.

"ಎರಡು ಸಲ ಬಂದ್ರೂ ಒಂದು ಹಲ್ಲು ಕೀಳಲ್ಲ. ನಿಮಗೆ ಕೀಳೋಕೆ ಬರ್ತದಾ ಇಲ್ವಾ ಹೇಳಿ?" ಎಂದು ಸಿಟ್ಟಾದರು. ಸಿಟ್ಟು ಬರುವಂಥದ್ದೇ. ಎಕ್ಸ್‌ರೇಗಳನ್ನು ಲಕೋಟೆಗೆ ಹಾಕಿ, ಪತ್ರ ಬರೆದು, ಘಟ್ಟದ ಕೆಳಗಿನ ಒಂದು ದೊಡ್ಡ ಆಸ್ಪತ್ರೆಗೆ ಕಳಿಸಿದೆ.

ಅಲ್ಲಿ ವಸಡಿನ ಗಟ್ಟಿ ಉಬ್ಬಿನಿಂದ ಚೂರು ತೆಗೆದು ಪರೀಕ್ಷೆಗೆ ಕೊಟ್ಟರು. ವರದಿ ತೆಗೆದುಕೊಂಡು ಕೊನೆಗಾರರೂ ಅವರ ಹೆಂಡತಿಯೂ ಬಸ್ಸಿನಲ್ಲಿ ಘಟ್ಟ ಹತ್ತಿದರು. ಕೆರೆಕಟ್ಟೆ ದಾಟಿ ಸಿಗ್ನಲ್ ಸಿಕ್ಕ ಕೂಡಲೇ ಹೆಂಡತಿ ನನಗೆ ಫೋನು ಮಾಡಿದರು.

"ಎಂತದೂ ಇಲ್ವಂತೆ ಡಾಕ್ಟ್ರಮ್ಮ! ಎಲುಬು ಒಂಚೂರು ಬೆಳೆದಿದೆ ಅಷ್ಟೇ ಅಂತೆ!"

ಬಸ್ಸಿನ ಸದ್ದನ್ನೂ ಮೀರಿದ ಅವರ ದನಿ ಕೇಳಿ ನನಗೂ ಖುಷಿಯಾಯಿತು. ಆ ಖುಷಿ ಫೋನಿಟ್ಟು ಒಂದು ಲೋಟ ಕಾಫಿ ಕುಡಿಯುವಷ್ಟು ಹೊತ್ತು ಉಳಿಯಿತು. ಏನೂ ಇಲ್ಲದಿದ್ದರೆ ತುಟಿ ಯಾಕೆ ಮರಗಟ್ಟಿದೆ?

ಮರುದಿನ ಆ ಆಸ್ಪತ್ರೆಯಲ್ಲಿ ಚೂರನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದ ಪೆಥಾಲಜಿ ವೈದ್ಯೆಗೆ ಫೋನು ಮಾಡಿದೆ. ಅವರು ಬೇಸರಿಸಿಕೊಳ್ಳಲಿಲ್ಲ.

"ನನಗೆ ಬಂದದ್ದು ಅಕ್ಕಿಕಾಳಿನಷ್ಟು ತುಂಡು, ಅದೂ ಮೇಲ್ಪದರದ್ದು. ಅದರಲ್ಲಿ ಕ್ಯಾನ್ಸರ್ ಇರಲಿಲ್ಲ, ಅಷ್ಟನ್ನು ಮಾತ್ರ ಬರೆದಿದ್ದೇನೆ. ಎಲುಬಿನ ಗೆಡ್ಡೆಯನ್ನು ಎಕ್ಸ್‌ರೇ ಇಲ್ಲದೆ ಬರೀ ಗಾಜಿನ ಮೇಲೆ ನೋಡಿ ಹೇಳುವುದು ಕಷ್ಟ. ನಿಮ್ಮ ಹತ್ತಿರ ಎಕ್ಸ್‌ರೇ ಇಲ್ಲವಾ?"

"ಲಕೋಟೆಯಲ್ಲಿ ಕಳಿಸಿದ್ದೆನಲ್ಲ!"

ಲಕೋಟೆ ಅಡ್ಡಗದ್ದೆಯ ಮನೆಯಲ್ಲಿ ಟ್ರಂಕಿನೊಳಗೆ ಭದ್ರವಾಗಿತ್ತು. ಹಾದಿಯಲ್ಲಿ ಕಳೆದುಹೋದರೆ ಡಾಕ್ಟ್ರಮ್ಮನಿಗೆ ಏನು ಉತ್ತರ ಹೇಳುವುದೆಂದು ಹೆಂಡತಿ ಪತ್ರವನ್ನಷ್ಟೇ ತೆಗೆದುಕೊಂಡು, ಎಕ್ಸ್‌ರೇಗಳನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಜಮೀನಿನ ಕಾಗದಗಳ ಜೊತೆ ಇಟ್ಟಿದ್ದರು. ಫೋನಿನಲ್ಲಿ ಒಂದು ಫೋಟೋ ಕಳಿಸುವಷ್ಟು ಬುದ್ಧಿ ನನಗೂ ಬಂದಿರಲಿಲ್ಲ.

ಅವರನ್ನು ಮತ್ತೆ ಒಪ್ಪಿಸುವುದೇ ದೊಡ್ಡ ಕೆಲಸವಾಯಿತು. "ಇಲ್ಲ ಅಂತ ಬರೆದು ಕೊಟ್ಟ ಮೇಲೆ, ಇದೆ ಅಂತ ಹುಡುಕಿಕೊಂಡು ಹೋಗೋದು ಎಂತಕ್ಕೆ?" ಎಂದರು ಕೊನೆಗಾರರು. ನಾನು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಮೊದಲ ದಿನ ನಾನು ತಪ್ಪು ಊಹೆ ಮಾಡಿದೆ, ಯಾವ ಬದಿ ಎಂದು ಕೇಳಲಿಲ್ಲ, ನನ್ನಿಂದ ಎರಡು ಮೂರು ತಿಂಗಳು ಹೋಯಿತು, ಇನ್ನೊಮ್ಮೆ ಹಾಗಾಗುವುದು ನನಗೆ ಬೇಡ ಎಂದೆ. ತೀರ್ಮಾನ ಹೇಳಿದ್ದು ಹೆಂಡತಿ.

"ಹೋಗಿ ಬರುವ. ಮೊನ್ನೆ ಕಾಫಿ ಕುಡಿಯುವಾಗ ಇವರ ತುಟಿ ಸುಟ್ಟಿತ್ತು, ಇವರಿಗೆ ಗೊತ್ತೇ ಆಗಿಲ್ಲ. ಕಾಗದದಲ್ಲಿ ಎಂತ ಬೇಕಾದ್ರೂ ಬರೀಲಿ. ಎಂತದೂ ಇಲ್ಲ ಅನ್ನೋದು ತುಟಿಗೂ ಗೊತ್ತಾಗಬೇಕಲ್ಲ?"

ಈ ಸಲ ಕ್ಲಿನಿಕ್ಕಿಗೆ ಬೀಗ ಹಾಕಿ ನಾನೂ ಜೊತೆಗೆ ಹೋದೆ. ಲಕೋಟೆ ನನ್ನ ಮಡಿಲಲ್ಲಿತ್ತು. ಎಕ್ಸ್‌ರೇಯಲ್ಲಿ ಮಸುಕು ಬಿಳುಪು ಕಂಡ ಜಾಗಕ್ಕೇ ಆಳವಾಗಿ ಹೋಗಿ ತುಂಡು ತೆಗೆದರು. ಕೆಲವು ದಿನಗಳ ಮೇಲೆ ಪೆಥಾಲಜಿ ವೈದ್ಯೆಯೇ ಫೋನು ಮಾಡಿ, "ನಿಮ್ಮ ಸಂಶಯ ಸರಿ. ಎಲುಬಿನ ಕ್ಯಾನ್ಸರೇ, ಆಸ್ಟಿಯೋಸಾರ್ಕೋಮಾ," ಎಂದರು. ಸರಿಯಾದದ್ದಕ್ಕೆ ಬೀಗುವುದು ನನಗೆ ಆ ದಿನ ಮಾತ್ರ ಸಾಧ್ಯವಾಗಲಿಲ್ಲ.

ಆ ಭಾನುವಾರ ಮಧ್ಯಾಹ್ನವೆಲ್ಲ ಕೂತು ಸಿಕ್ಕಿದ್ದನ್ನೆಲ್ಲ ಓದಿದೆ. ಇದೇ ರೋಗ ಕೈಕಾಲಿನ ಉದ್ದ ಎಲುಬುಗಳಲ್ಲಿ ಬೆಳೆಯುವ ವಯಸ್ಸಿನವರಿಗೆ ಬರುವುದು ಹೆಚ್ಚು. ದವಡೆಯಲ್ಲಿ ಅದಕ್ಕಿಂತ ಹತ್ತಿಪ್ಪತ್ತು ವರ್ಷ ತಡವಾಗಿ ಬರುತ್ತದೆ. ಯಾಕೆ ಎಂದು ಯಾರಿಗೂ ಸರಿಯಾಗಿ ಗೊತ್ತಿಲ್ಲ. ಕಾಲಿನಲ್ಲಿ ಬಂದದ್ದು ಬೇಗ ಶ್ವಾಸಕೋಶಕ್ಕೆ ಓಡುತ್ತದೆ. ದವಡೆಯದ್ದು ಸಾಮಾನ್ಯವಾಗಿ ಅಷ್ಟು ಅವಸರ ಮಾಡುವುದಿಲ್ಲ, ಆದರೆ ಬುಡದಲ್ಲಿ ಒಂದು ಚೂರು ಉಳಿದರೂ ಅಲ್ಲೇ ಮರುಹುಟ್ಟು ಪಡೆಯುತ್ತದೆ. ಹಾಗಾಗಿ ಎಲ್ಲರೂ ಒಪ್ಪುವ ಮಾತು ಒಂದೇ. ಮೊದಲ ಶಸ್ತ್ರಚಿಕಿತ್ಸೆಯಲ್ಲೇ ಸುತ್ತಲೂ ಆರೋಗ್ಯವಂತ ಎಲುಬು ಸೇರಿಸಿ ಪೂರ್ತಿ ತೆಗೆಯಬೇಕು. ಬದುಕುವುದೂ ಬಿಡುವುದೂ ಬಹುಪಾಲು ಆ ಕೊಯ್ದ ಅಂಚಿನ ಮೇಲೆ ನಿಂತಿದೆ. ಓದುತ್ತ ಓದುತ್ತ ನನಗೆ ಕುತೂಹಲ ಹೆಚ್ಚಿತು. ಇದು ಆ ಮನುಷ್ಯನ ದವಡೆ ಎಂದು ಮತ್ತೆ ಮತ್ತೆ ನೆನಪು ಮಾಡಿಕೊಳ್ಳಬೇಕಾಯಿತು.

ಎದೆಯ ಸ್ಕ್ಯಾನಿನಲ್ಲಿ ಏನೂ ಇರಲಿಲ್ಲ. ಅದು ಮೊದಲ ಒಳ್ಳೆಯ ಸುದ್ದಿ. ಶಸ್ತ್ರಚಿಕಿತ್ಸೆ ಮಾಡುವ ಹಿರಿಯ ಸರ್ಜನ್ ನಮ್ಮ ಮೂವರನ್ನೂ ಕೂರಿಸಿಕೊಂಡು ಬಿಡಿಸಿ ಹೇಳಿದರು. ಎಡಗಡೆಯ ಕೆಳದವಡೆಯನ್ನು ಸುಮಾರು ಅರ್ಧದಷ್ಟು ತೆಗೆಯಬೇಕು. ಆ ಜಾಗಕ್ಕೆ ಕಾಲಿನ ಎಲುಬು. ಮೊಣಕಾಲಿನ ಕೆಳಗೆ ಎರಡು ಎಲುಬಿವೆ, ಭಾರ ಹೊರುವುದು ಮುಂದಿನ ದಪ್ಪದ್ದು. ಪಕ್ಕದ ತೆಳು ಎಲುಬಿನ ನಡುಭಾಗವನ್ನು ರಕ್ತನಾಳ ಸಮೇತ ತೆಗೆದು, ದವಡೆಯ ಆಕಾರಕ್ಕೆ ತುಂಡು ಮಾಡಿ ಜೋಡಿಸಿ, ರಕ್ತನಾಳವನ್ನು ಕುತ್ತಿಗೆಯಲ್ಲಿ ಹೊಲಿಯುತ್ತಾರೆ. ಹಾಗೆ ಮಾಡಿದರೆ ಆ ಎಲುಬು ದವಡೆಯಾಗಿ ಬದುಕುತ್ತದೆ.

"ನೂರರಲ್ಲಿ ಎಷ್ಟು ಜನ ಉಳೀತಾರೆ ಸಾರ್?" ಎಂದು ಕೊನೆಗಾರರು ಕೇಳಿದರು.

"ಇದು ಬರುವುದೇ ಅಪರೂಪ. ನೂರು ಜನರನ್ನು ನಾನೇ ನೋಡಿಲ್ಲ, ಲೆಕ್ಕ ಹೇಗೆ ಹೇಳಲಿ? ಕೊಯ್ದ ಅಂಚು ಸ್ವಚ್ಛವಾಗಿ ಬಂದರೆ, ಅಂದರೆ ಅಲ್ಲಿ ರೋಗ ಇಲ್ಲದಿದ್ದರೆ, ಒಳ್ಳೆಯ ಅವಕಾಶ ಉಂಟು. ತಡ ಮಾಡಿದರೆ ಅದು ಕಡಿಮೆ ಆಗುತ್ತಾ ಹೋಗುತ್ತದೆ."

"ಕಾಲು ಮೊದಲಿನ ಹಾಂಗೆ ಇರ್ತದಾ?"

"ನಡೆಯುತ್ತೀರಿ. ಕೆಲವರಿಗೆ ಹೆಬ್ಬೆರಳಿನ ಹಿಡಿತ ಸ್ವಲ್ಪ ಕಡಿಮೆ ಆಗುತ್ತದೆ. ಅದನ್ನು ಮಡಿಸುವ ಸ್ನಾಯು ಆ ಎಲುಬಿಗೇ ಅಂಟಿಕೊಂಡಿರುವುದು."

ಕೊನೆಗಾರರು ಎದ್ದು ನಿಂತು ಕೈಮುಗಿದರು. "ಹಾಂಗಾದ್ರೆ ಬೇಡ ಸಾರ್. ದವಡೆ ಇಲ್ಲದಿದ್ರೆ ಗಂಜಿ ಕುಡಿದುಕೊಂಡು ಇರ್ತೀನಿ. ಹೆಬ್ಬೆರಳು ಇಲ್ಲದೆ ಮರ ಹತ್ತೋದು ಹ್ಯಾಂಗೆ? ಅದೊಂದೇ ನನಗೆ ಗೊತ್ತಿರೋದು."

ಹೆಂಡತಿ ಅಳಲಿಲ್ಲ. ಗಂಡನ ಪಾದಗಳನ್ನೇ ನೋಡುತ್ತ ಕೂತಿದ್ದರು. ಬರೀ ಲೋಹದ ಪಟ್ಟಿ ಹಾಕಬಹುದೇ ಎಂದು ನಾನು ಕೇಳಿದೆ. ಅದು ಮುರಿಯುತ್ತದೆ, ಚರ್ಮ ಹರಿದು ಹೊರಗೆ ಬರುತ್ತದೆ ಎಂದರು ಸರ್ಜನ್. ಹೆಗಲಿನ ಎಲುಬು? ಮರ ಅಪ್ಪಿಕೊಳ್ಳುವವರಿಗೆ ಅದೂ ಬೇಕಲ್ಲ. ಕೊನೆಗೆ ಸರ್ಜನ್ ನನ್ನ ಕಡೆ ತಿರುಗಿದರು.

"ಅಡಿಕೆ ಮರ ಹತ್ತುವವರ ಕಾಲಿನ ಬಗ್ಗೆ ನನ್ನ ಯಾವ ಪುಸ್ತಕದಲ್ಲೂ ಇಲ್ಲ ಡಾಕ್ಟರ್. ನೀವು ಅಲ್ಲಿಯವರು. ಇವರಿಗೆ ಯಾವ ಕಾಲಿನ ಹೆಬ್ಬೆರಳು ಹೆಚ್ಚು ಬೇಕು?"

ಬಲಗೈಯವರು, ಅಂದಮೇಲೆ ಬಲಗಾಲೇ ಇರಬೇಕು ಎಂಬ ಉತ್ತರ ನನ್ನ ನಾಲಗೆಯ ತುದಿಗೆ ಬಂದಿತ್ತು. ಬಾಯಿ ಮುಚ್ಚಿಕೊಂಡೆ.

"ಗೊತ್ತಿಲ್ಲ. ನೋಡಿ ಬಂದು ಹೇಳ್ತೇನೆ," ಎಂದೆ. "ನಿಮ್ಮ ಉತ್ತರವನ್ನು ಅಲ್ಲಿಯ ತನಕ ಇಟ್ಟುಕೊಳ್ಳಿ ಮಾರಾಯ್ರೆ," ಎಂದು ಕೊನೆಗಾರರಿಗೂ ಹೇಳಿದೆ.

ಎರಡು ದಿನದ ಮೇಲೆ ಬೆಳಿಗ್ಗೆ ಅಡ್ಡಗದ್ದೆಗೆ ಹೋದೆ. ಎರಡು ಹಲ್ಲು ಸೇರುವಲ್ಲಿ ಭಾರ ಎಲ್ಲಿ ಬೀಳುತ್ತದೆಂದು ನೋಡಲು ನಾವು ನೀಲಿ ಕಾಗದ ಕಚ್ಚಿಸುತ್ತೇವೆ. ಹೆಚ್ಚು ಒತ್ತಿದಲ್ಲಿ ಗಾಢ ಗುರುತು ಬೀಳುತ್ತದೆ. ಅದನ್ನೇ ಪಾದಕ್ಕೆ ಮಾಡಿದರಾಯಿತು ಎಂದು ನನ್ನ ಲೆಕ್ಕ. ಹೆಂಡತಿ ಕೆಮ್ಮಣ್ಣು ಕಲಸಿ ತಂದರು. ತೋಟದ ಅಂಚಿನ ಸಾಲಿನ ಮರಗಳಿಗೆ ಬಿಸಿಲು ತಾಗದಂತೆ ಸುಣ್ಣ ಬಳಿದಿದ್ದರು. ಬಿಳಿ ಕಾಂಡದ ಮೇಲೆ ಕೆಂಪು ಚೆನ್ನಾಗಿ ಕಾಣುತ್ತದೆ.

"ನನ್ನ ಕಾಲಿಗೆ ಮಣ್ಣು ಹಚ್ಚಿ ಎಂತ ಆರತಿ ಎತ್ತುತ್ತೀರಾ?" ಎಂದು ಕೊನೆಗಾರರು ನಗೆಯಾಡಿದರು. ನಗುವಾಗ ಎಡತುಟಿ ಹಿಂದೆ ಬೀಳುತ್ತಿತ್ತು.

ಎರಡೂ ಪಾದಗಳನ್ನು ಸೇರಿಸಿ ಹಿಡಿಯುವ ಹಗ್ಗದ ತಳೆ ಹಾಕಿಕೊಂಡು ಅವರು ಮರಕ್ಕೆ ಕೈ ಹಚ್ಚಿದರು. ನಾನು ಮೊಬೈಲಿನಲ್ಲಿ ವಿಡಿಯೋ ಹಿಡಿದೆ. ಪಾದ ಒತ್ತಿ, ಮೈ ಎತ್ತಿ, ಮತ್ತೆ ಪಾದ ಒತ್ತಿ, ನೋಡನೋಡುತ್ತ ಮೇಲೆ ಹೋದರು. ತುದಿಯಲ್ಲಿ ತಳೆಯಿಂದ ಒಂದು ಕಾಲು ಬಿಡಿಸಿ, ಪಕ್ಕದ ಮರವನ್ನು ಎಳೆದುಕೊಂಡು ದಾಟಿ ಇಳಿದರು. ಹದಿನೆಂಟು ವರ್ಷದಿಂದ ಈ ತೋಟಗಳ ನಡುವೆಯೇ ಓಡಾಡಿದ್ದೇನೆ, ಒಬ್ಬರು ಮರ ಹತ್ತುವುದನ್ನು ಕಾಲಿನ ಕಡೆಯಿಂದ ನೋಡಿದ್ದು ಅದೇ ಮೊದಲು.

ಮೂವರೂ ಕಾಂಡದ ಹತ್ತಿರ ಬಗ್ಗಿ ನೋಡಿದೆವು. ಬಲಗಾಲಿನ ಗುರುತಿನಲ್ಲಿ ಹೆಬ್ಬೆರಳು ಪ್ರತಿ ಸಲವೂ ಗಾಢವಾಗಿ, ಉಗುರಿನ ಅಂಚಿನ ತನಕ ಒತ್ತಿತ್ತು. ಎಡಗಾಲಿನಲ್ಲಿ ಅಂಗಾಲಿನ ಒಳಬದಿಯದ್ದು ಮಾತ್ರ ಗುರುತು, ಹೆಬ್ಬೆರಳಿನ ಜಾಗದಲ್ಲಿ ಸುಣ್ಣ ಹಾಗೇ ಇತ್ತು. ವಿಡಿಯೋ ನೋಡಿದರೆ, ದಾಟಿದ ಮರಕ್ಕೂ ಮೊದಲು ಹೋಗಿ ಹಿಡಿದದ್ದು ಬಲಗಾಲು. ನನ್ನ ಬಾಯಿಗೆ ಬಂದಿದ್ದ ಊಹೆ ಈ ಸಲ ಸರಿಯಿತ್ತು ನಿಜ. ಆದರೆ ಊಹೆಗೂ ಕಂಡದ್ದಕ್ಕೂ ಇರುವ ವ್ಯತ್ಯಾಸ ಆ ಮರದ ಬುಡದಲ್ಲಿ ನನಗೆ ಸರಿಯಾಗಿ ತಿಳಿಯಿತು.

ಕೊನೆಗಾರರು ತುಂಬ ಹೊತ್ತು ಆ ಗುರುತುಗಳನ್ನು ಬೆರಳಲ್ಲಿ ಮುಟ್ಟಿ ಮುಟ್ಟಿ ನೋಡಿದರು.

"ಇಪ್ಪತ್ತು ವರ್ಷ ಹತ್ತಿದ್ದೀನಿ. ಎಡಗಾಲು ಬರೀ ಜೊತೆಗೆ ಬರ್ತಿತ್ತು ಅಂತ ಗೊತ್ತೇ ಇರ್ಲಿಲ್ಲ." ಆಮೇಲೆ ಹೆಂಡತಿಯ ಕಡೆ ನೋಡಿ, "ಎಡದ್ದು ತಗೊಳ್ಳಲಿ ಅಲ್ದಾ?" ಎಂದರು.

ಆಗ ಹೆಂಡತಿ ಅತ್ತರು. ಕೆಮ್ಮಣ್ಣಿನ ಕೈಯಲ್ಲೇ ಕಣ್ಣೊರೆಸಿಕೊಂಡು ಮುಖವೆಲ್ಲ ಕೆಂಪು ಮಾಡಿಕೊಂಡರು.

ಫೋಟೋ, ವಿಡಿಯೋ ಎರಡನ್ನೂ ಸರ್ಜನ್‌ಗೆ ಕಳಿಸಿದೆ. "ಈ ದವಡೆಗೆ ಬಲಗಾಲಿನ ಎಲುಬೇ ನನಗೆ ಸಲೀಸಾಗುತ್ತಿತ್ತು. ಇರಲಿ, ರಕ್ತನಾಳ ಚೆನ್ನಾಗಿದ್ದರೆ ಎಡದಲ್ಲೇ ಮಾಡುವ," ಎಂದರು. ಕಾಲಿನ ಸ್ಕ್ಯಾನ್ ಆಯಿತು, ರಕ್ತನಾಳ ಚೆನ್ನಾಗಿತ್ತು.

ಶಸ್ತ್ರಚಿಕಿತ್ಸೆ ಬೆಳಿಗ್ಗೆ ಶುರುವಾಗಿ ಸಂಜೆ ಮುಗಿಯಿತು. ಮಾಂಸದ ಅಂಚುಗಳನ್ನು ಅಲ್ಲೇ ಪರೀಕ್ಷಿಸಿ ಸ್ವಚ್ಛ ಎಂದರು. ಎಲುಬಿನ ಅಂಚು ಹಾಗಲ್ಲ. ಅದನ್ನು ಆಮ್ಲದಲ್ಲಿ ನೆನೆಹಾಕಿ, ಮೆತ್ತಗಾದ ಮೇಲೆ ತೆಳುವಾಗಿ ಕೊಯ್ದು ನೋಡಬೇಕು. ಎಲುಬು ಕರಗುವುದನ್ನು ಕಾಯುತ್ತ ನಾನು ಕೊಪ್ಪದಲ್ಲಿ ಹಲ್ಲು ಉಜ್ಜಿದೆ, ತುಂಬಿದೆ, ಕಿತ್ತೆ. ಯಾರ ಕಸುಬನ್ನೂ ಊಹಿಸುವ ಉಮೇದು ಬರಲಿಲ್ಲ. ಹತ್ತು ಹನ್ನೊಂದು ದಿನದ ಮೇಲೆ ಪೆಥಾಲಜಿ ವೈದ್ಯೆಯ ಫೋನು ಬಂತು. ಎರಡೂ ತುದಿ ಸ್ವಚ್ಛ. ಕುರ್ಚಿಯಲ್ಲಿ ಬಾಯಿ ತೆರೆದು ಮಲಗಿದ್ದ ಮೇಷ್ಟರೊಬ್ಬರಿಗೆ ನಾನು ಯಾಕೆ ಕಣ್ಣೊರೆಸಿಕೊಂಡೆ ಎಂದು ಇವತ್ತಿಗೂ ಗೊತ್ತಿಲ್ಲ.

ಆಮೇಲೆ ಕೆಲವು ತಿಂಗಳು ಕೀಮೋ. ಇಂಥ ದವಡೆಗೆ ಅದು ಎಷ್ಟು ಉಪಯೋಗ ಎಂಬುದರಲ್ಲಿ ಡಾಕ್ಟರುಗಳಲ್ಲೇ ಎರಡು ಮಾತಿದೆ. ಇವರಿಗೆ ಬೇಕು ಎಂದು ಅಲ್ಲಿಯವರು ಸೇರಿ ತೀರ್ಮಾನಿಸಿದರು. ಕೂದಲು ಹೋಯಿತು, ಮೈ ಇಳಿಯಿತು, ಮಿಕ್ಸಿಯಲ್ಲಿ ಅರೆದ ಊಟವೂ ನಿಲ್ಲುತ್ತಿರಲಿಲ್ಲ. ಕೋಲೂರಿ ಅಂಗಳದಲ್ಲಿ ನಡೆದರು, ಆಮೇಲೆ ಕೋಲಿಲ್ಲದೆ ರಸ್ತೆಯ ತನಕ ನಡೆದರು. ಮೂರು ತಿಂಗಳಿಗೊಮ್ಮೆ ಸ್ಕ್ಯಾನ್. ಪ್ರತಿ ಸಲ ಅದಕ್ಕೆ ಹೋಗುವ ಮೊದಲು ಗಂಡ ಹೆಂಡತಿ ಕೊಪ್ಪಕ್ಕೆ ಬಂದು ನನ್ನ ಕ್ಲಿನಿಕ್ಕಿನಲ್ಲಿ ಸುಮ್ಮನೆ ಹತ್ತು ನಿಮಿಷ ಕೂತು ಹೋಗುತ್ತಿದ್ದರು.

ವರ್ಷ ಕಳೆದ ಮೇಲೆ, ದವಡೆಯಾದ ಆ ಕಾಲೆಲುಬಿಗೆ ಸರ್ಜನ್ ಹಲ್ಲು ನಿಲ್ಲಿಸುವ ತಿರುಪುಗಳನ್ನು ಕೂರಿಸಿದರು. ಅವು ಬೇರೂರಿದ ಮೇಲೆ ಹಲ್ಲು ಮಾಡುವ ಕೆಲಸ ನನ್ನದು. ನೀಲಿ ಕಾಗದ ಕಚ್ಚಿಸಿ, ಗುರುತು ನೋಡಿ, ಉಜ್ಜಿ, ಮತ್ತೆ ಕಚ್ಚಿಸಿದೆ. ಒಂದು ಹಲ್ಲಿಗೂ ಹೆಚ್ಚು ಭಾರ ಬೀಳದಂತೆ ಅಷ್ಟು ಹೊತ್ತು ನಾನು ಯಾರಿಗೂ ಉಜ್ಜಿಲ್ಲ. ಗಟ್ಟಿ ವಸ್ತು ಕಚ್ಚಬಾರದು, ಮರದ ಸುದ್ದಿಗೆ ಹೋಗಬಾರದು ಎಂದು ಹೆಂಡತಿಯ ಎದುರೇ ಹೇಳಿ ಕಳಿಸಿದೆ. ಅವರು ಎಲ್ಲದಕ್ಕೂ ಹೂಂ ಎಂದರು.

ಅದರ ಮುಂದಿನ ಕೊಯ್ಲಿನಲ್ಲಿ ಒಂದು ಭಾನುವಾರ ಬೆಳಿಗ್ಗೆ ಹೆಂಡತಿಯ ಫೋನು ಬಂತು.

"ಡಾಕ್ಟ್ರಮ್ಮ, ಒಂದ್ಸಲ ಬನ್ನಿ. ಇವರು ಮರ ಹತ್ತಿ ಕೂತಿದ್ದಾರೆ. ನಾನು ಹೇಳಿದ್ರೆ ಇಳೀತಿಲ್ಲ. ನೀವೇ ಬಂದು ಬೈದು ಇಳಿಸಿ."

ಕಾರು ಓಡಿಸುತ್ತ ದಾರಿಯುದ್ದಕ್ಕೂ ಬೈಗುಳ ಕೂಡಿಸಿಕೊಂಡೆ. ತೋಟದಲ್ಲಿ ಹೆಂಡತಿ ಕೆಳಗೆ ನಿಂತು ಹಗ್ಗದ ತುದಿ ಎಳೆದು ಹಿಡಿದಿದ್ದರು. ಬೈಯಲು ಕರೆದವರೇ ಗೊನೆ ಇಳಿಸಿಕೊಳ್ಳುತ್ತಿದ್ದರು. ಕತ್ತೆತ್ತಿ ನೋಡಿದೆ. ಕೊನೆಗಾರರು ಒಂದು ಮರದ ತಲೆಯಿಂದ ಇನ್ನೊಂದಕ್ಕೆ ದಾಟುತ್ತಿದ್ದರು. ಬಲಗಾಲು ಮುಂದೆ ಹೋಗಿ ಹಿಡಿಯಿತು, ಎಡಗಾಲು ನಿಧಾನವಾಗಿ ಜೊತೆಗೆ ಬಂತು. ಎರಡೂ ಕೈ ಮರದ ಮೇಲಿತ್ತು. ಹಗ್ಗ ಬಾಯಲ್ಲಿತ್ತು, ನಾನು ಮಾಡಿಕೊಟ್ಟ ಹಲ್ಲುಗಳ ನಡುವೆ, ಎಡಬದಿಯಲ್ಲಿ. ದೋಟಿ ಬಲ ಹೆಗಲಿಗೆ ಹೋಗಿತ್ತು.

ಅವರು ಹೊಸ ಮರವನ್ನು ಅಪ್ಪಿ ಹಗ್ಗವನ್ನು ಕೈಗೆ ತೆಗೆದುಕೊಳ್ಳುವ ತನಕ ಕಾದೆ.

"ಹಗ್ಗ ಕಚ್ಚಬೇಡಿ ಅಂತ ಎಷ್ಟು ಸಲ ಹೇಳಿದ್ದೇನೆ!" ಎಂದು ಕೂಗಿದೆ. "ಅದೂ ಎಡಗಡೆ! ಇಪ್ಪತ್ತು ವರ್ಷ ಬಲಗಡೆ ಕಚ್ಚಿದವರಿಗೆ ಈಗ ಎಂತ ಆಯ್ತು?"

ಅವರು ಮೇಲಿನಿಂದ ನಕ್ಕರು. ತುಟಿಯ ಎಡ ಮೂಲೆ ಇನ್ನೂ ಮರಗಟ್ಟಿಯೇ ಇದೆ, ನಗು ಒಂದು ಬದಿಗೆ ವಾಲುತ್ತದೆ.

"ಬಲಗಡೆಯವು ನನ್ನ ಸ್ವಂತ ಹಲ್ಲು ಡಾಕ್ಟ್ರಮ್ಮ, ಹೋದ್ರೆ ಮತ್ತೆ ಬರೋದಿಲ್ಲ. ಎಡಗಡೆಯವು ಹೋದ್ರೆ ನೀವು ಇದ್ದೀರಲ್ಲ, ಇನ್ನೊಂದು ಮಾಡಿಕೊಡ್ತೀರಿ!"

"ಅಲ್ಲೇ ನಿಲ್ಲಬೇಡಿ, ಬಲಗೈ ಬದಿ ಬನ್ನಿ, ಗೊನೆ ಬರ್ತದೆ," ಎಂದರು ಹೆಂಡತಿ. ಚಪ್ಪಲಿ ಬಿಟ್ಟು ಅವರ ಬಲಕ್ಕೆ ಹೋಗಿ ನಿಂತು, ನಾನೂ ಹಗ್ಗಕ್ಕೆ ಕೈ ಹಾಕಿದೆ.